ಹಬ್ಬದ ರಶ್‌ನಲ್ಲಿ ಚಿನ್ನದಂಗಡಿ ಕಾಯುವುದು ಹೇಗೆ

ದಸರೆಗೆ ಶುರುವಾದ ರಶ್ ಬಲಿಪಾಡ್ಯಮಿಯವರೆಗೆ ಇಳಿಯುವುದಿಲ್ಲ. ಜವೇರಿ ಬಜಾರ್‌ನಿಂದ ಡೊಂಬಿವಲಿಯವರೆಗೆ ಮುಂಬೈಯ ಎಲ್ಲ ಚಿನ್ನದಂಗಡಿಗಳ ಕಥೆ ಇದೇ. ಧನತೇರಸ್ ದಿನವಂತೂ ರಾತ್ರಿ ತುಂಬಾ ಹೊತ್ತಾದರೂ ಗಿರಾಕಿಗಳು ಬಾಗಿಲಲ್ಲಿ ನಿಂತಿರುತ್ತಾರೆ. ವರ್ಷದ ವ್ಯಾಪಾರದ ದೊಡ್ಡ ಪಾಲು ಈ ಕೆಲವೇ ವಾರಗಳಲ್ಲಿ ಆಗಬೇಕು. ಹಾಗಾಗಿ ಯಾರನ್ನೂ ವಾಪಸ್ ಕಳಿಸಲು ಮನಸ್ಸು ಬರುವುದಿಲ್ಲ.

ದೊಡ್ಡ ಶೋರೂಮ್‌ಗಳಿಗೆ ಭದ್ರತೆಗೆಂದೇ ಬೇರೆ ಜನ ಇರುತ್ತಾರೆ. ಈ ಲೇಖನ ಅವರಿಗಲ್ಲ. ಠಾಣೆ, ಮುಲುಂಡ್, ಭಾಂಡುಪ್, ಡೊಂಬಿವಲಿ ಕಡೆ ನಮ್ಮ ಕರಾವಳಿಯ ಶೇಟ್ ಮನೆತನದವರ ಸಣ್ಣ ಅಂಗಡಿಗಳಿವೆಯಲ್ಲ, ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಶೇಟ್ರು, ಅವರ ಮಗನೋ ತಮ್ಮನೋ ಒಬ್ಬ, ಕೆಲಸದವರು ಇಬ್ಬರು. ಅಲ್ಲಿ ಒಂದು ಸರ ಹೋದರೂ ಆ ವರ್ಷದ ಹಬ್ಬದ ಲಾಭವೇ ಹೋದ ಹಾಗೆ.

ಚಿನ್ನದಂಗಡಿ ಕಳ್ಳತನ ಅಂದ ಕೂಡಲೇ ಪಿಸ್ತೂಲು, ಬೈಕು, ಹೆಲ್ಮೆಟ್ ನೆನಪಾಗುತ್ತದೆ. ಅದೂ ನಡೆಯುತ್ತದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ಹಬ್ಬದ ಸಮಯದಲ್ಲಿ ಮಾಲು ಕೈತಪ್ಪುವ ದಾರಿಗಳನ್ನು ಒಂದೊಂದಾಗಿ ನೋಡಿದರೆ ಎಲ್ಲ ಕಡೆ ಒಂದೇ ವಿಷಯ ಕಾಣುತ್ತದೆ. ಅಂಗಡಿ ದಿನಾ ಪಾಲಿಸುವ ಪದ್ಧತಿಯನ್ನು "ಇವತ್ತೊಂದಿನ ಪರವಾಗಿಲ್ಲ" ಅಂತ ಬಿಟ್ಟಿರುತ್ತದೆ. ಮೋಸ ಮಾಡುವವರು ಕಾಯುವುದು ಆ ಒಂದು ದಿನಕ್ಕೇ.

ಕೌಂಟರ್ ಮೇಲೆ

ಮುಂಬೈ ಪೊಲೀಸರು 'ಹಾತ್‌ಚಲಾಖಿ' ಅನ್ನುವ ಕೈಚಳಕದ ಕಳ್ಳತನ ಹೀಗೆ ನಡೆಯುತ್ತದೆ. ನಾಲ್ಕೈದು ಜನ ಒಟ್ಟಿಗೆ ಬರುತ್ತಾರೆ. ಒಬ್ಬರು ಬಳೆ ಕೇಳುತ್ತಾರೆ, ಇನ್ನೊಬ್ಬರು ಠುಶಿ ಅನ್ನುವ ಕೊರಳ ಹಾರ, ಮತ್ತೊಬ್ಬರು ಕಿವಿಯೋಲೆ. ಯಾವುದೂ ಇಷ್ಟವಾಗುವುದಿಲ್ಲ, "ಇನ್ನೂ ಬೇರೆ ಡಿಸೈನ್ ತೋರಿಸಿ" ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ಕೌಂಟರ್ ಮೇಲೆ ಆರು ಟ್ರೇ ಬಿದ್ದಿರುತ್ತವೆ. ಆಗ ಒಬ್ಬರಿಗೆ ನೀರು ಬೇಕಾಗುತ್ತದೆ, ಮಗು ಅಳುತ್ತದೆ, ಮೇಲಿನ ಶೋಕೇಸ್‌ನಲ್ಲಿರುವ ಹಾರ ತೆಗೆಯಬೇಕಾಗುತ್ತದೆ. ಸೇಲ್ಸ್‌ಮನ್ ಹಿಂದೆ ತಿರುಗಿದ ಎರಡು ಸೆಕೆಂಡ್‌ನಲ್ಲಿ ಒಂದು ಉಂಗುರ ಹೋಗುತ್ತದೆ. ಕೆಲವರು ಅದೇ ತರಹದ ನಕಲಿ ಉಂಗುರವನ್ನು ಟ್ರೇಯಲ್ಲಿಟ್ಟು ಅಸಲಿಯನ್ನು ತೆಗೆದುಕೊಳ್ಳುತ್ತಾರೆ. ಲೆಕ್ಕ ಹಾಕಿದಾಗ ಸಂಖ್ಯೆ ಸರಿ ಇರುತ್ತದೆ. ಮೋಸ ಗೊತ್ತಾಗುವುದು ವಾರಗಳ ನಂತರ, ಬೇರೆ ಗಿರಾಕಿ ಅದನ್ನು ಕೈಗೆತ್ತಿಕೊಂಡಾಗ.

ಇದಕ್ಕೆ ಉಪಾಯ ತುಂಬಾ ಹಳೆಯದು. ಒಬ್ಬ ಗಿರಾಕಿಯ ಮುಂದೆ ಒಂದು ಸಲಕ್ಕೆ ಒಂದೇ ಟ್ರೇ. ಅದು ಒಳಗೆ ಹೋದ ಮೇಲೇ ಮುಂದಿನದು ಹೊರಗೆ. ಪ್ರತಿ ಟ್ರೇಯಲ್ಲೂ ಒಡವೆ ಕೂರಿಸುವ ಗುಂಡಿಗಳು ಒಂದೇ ನಿಗದಿತ ಸಂಖ್ಯೆಯಲ್ಲಿರಲಿ. ಒಂದು ಉಂಗುರ ಮಾರಾಟವಾದರೆ ಆ ಗುಂಡಿಯಲ್ಲಿ ಚೀಟಿ ಇಡಿ. ಆಗ ಖಾಲಿ ಜಾಗ ಕಂಡರೆ ಏನೋ ತಪ್ಪಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಟ್ಯಾಗ್ ದಾರ ಕತ್ತರಿಸಿ ಮತ್ತೆ ಕಟ್ಟಲು ಬರುವಂತಿರಬಾರದು. ಟ್ರೇ ಒಳಗಿಡುವಾಗ ಟ್ಯಾಗ್ ಇದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡುವುದು ಅಭ್ಯಾಸವಾಗಬೇಕು.

ಕಷ್ಟ ಇರುವುದು ಈ ನಿಯಮವನ್ನು ಧನತೇರಸ್ ಸಂಜೆ ಏಳು ಗಂಟೆಗೆ ಪಾಲಿಸುವುದರಲ್ಲಿ. ಗಿರಾಕಿಗೆ ಬೇಜಾರಾಗಬಾರದು, ಅಲ್ವಾ? ಅದಕ್ಕೆ ಮಾತು ಮೊದಲೇ ತಯಾರಿರಬೇಕು. "ತಾಈ, ಹೇ ಆತ್ ಠೇವತೋ, ಮಗ್ ದುಸರಂ ದಾಖವತೋ" ಅಂತ ನಗುತ್ತಲೇ ಹೇಳಬಹುದು. ಕನ್ನಡದ ಗಿರಾಕಿಯಾದರೆ, "ಅಕ್ಕ, ಇದೊಂದು ಒಳಗಿಟ್ಟು ಅದನ್ನ ತೆಗೀತೀನಿ" ಅಂದರೆ ಸಾಕು. ನಿಜವಾಗಿ ಕೊಳ್ಳಲು ಬಂದವರು ಇದಕ್ಕೆ ಸಿಟ್ಟಾಗುವುದಿಲ್ಲ. ತಮ್ಮ ಚಿನ್ನವನ್ನೂ ಇಷ್ಟೇ ಜೋಪಾನವಾಗಿ ನೋಡಿಕೊಳ್ಳುವ ಅಂಗಡಿ ಇದು ಅಂತಲೇ ಅಂದುಕೊಳ್ಳುತ್ತಾರೆ.

ಒಬ್ಬ ಸೇಲ್ಸ್‌ಮನ್ ಒಂದೇ ಹೊತ್ತಿಗೆ ಇಬ್ಬರು ಗಿರಾಕಿಗಳನ್ನು ನೋಡಬಾರದು. ಜನ ಸಾಲದಿದ್ದರೆ ಬಾಗಿಲಲ್ಲಿ ಟೋಕನ್ ಕೊಟ್ಟು ಕೂರಿಸಿ. ಧನತೇರಸ್‌ಗೆ ಒಂದು ಗ್ರಾಂ, ಎರಡು ಗ್ರಾಂ ನಾಣ್ಯ, ಬೆಳ್ಳಿ ಲಕ್ಷ್ಮಿ ಕೇಳುವವರೇ ಜಾಸ್ತಿ. ಅವರಿಗೆ ಬಾಗಿಲ ಹತ್ತಿರ ಬೇರೆ ಮೇಜು ಹಾಕಿ, ಅಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಬಿಟ್ಟು ಬೇರೇನೂ ಇಡಬೇಡಿ. ಒಳಗಿನ ಅರ್ಧ ಗದ್ದಲ ಕಡಿಮೆಯಾಗುತ್ತದೆ.

ಪೂರ್ತಿ ಸ್ಟಾಕ್ ಎಣಿಸುವುದನ್ನು ರಾತ್ರಿಗೇ ಬಿಟ್ಟರೆ ಯಾವಾಗ ಹೋಯಿತು ಅಂತ ಹುಡುಕಲು ಹನ್ನೆರಡು ಗಂಟೆಯ ಸಿಸಿಟಿವಿ ನೋಡಬೇಕಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಟ್ರೇಗಳನ್ನು ಎಣಿಸಿದರೆ ಹುಡುಕಾಟ ಮೂರ್ನಾಲ್ಕು ಗಂಟೆಯೊಳಗೆ ಬರುತ್ತದೆ.

ದುಡ್ಡು ಬಂತಾ?

ನಕಲಿ ಯುಪಿಐ ಆ್ಯಪ್‌ಗಳಿವೆ. ಅವು ಅಸಲಿ ಆ್ಯಪ್‌ನ ಹಾಗೇ ಹಸಿರು ಗುರುತು ತೋರಿಸುತ್ತವೆ, ದುಡ್ಡು ಮಾತ್ರ ಎಲ್ಲಿಂದಲೂ ಹೊರಟಿರುವುದಿಲ್ಲ. ಹಾಗಾಗಿ ಗಿರಾಕಿಯ ಫೋನ್ ಪರದೆಗೆ ಯಾವ ಬೆಲೆಯೂ ಇಲ್ಲ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಜಮೆ ಕಂಡ ಮೇಲೇ ಡಬ್ಬಿ ಕೈಗೆ ಕೊಡಿ. ಬೆಳಗ್ಗೆ ಅಂಗಡಿ ತೆಗೆದಾಗ ನಿಮ್ಮದೇ ಕ್ಯೂಆರ್ ಕೋಡ್‌ಗೆ ಒಂದು ರೂಪಾಯಿ ಕಳಿಸಿ ನೋಡಿ. ರಾತ್ರೋರಾತ್ರಿ ಅದರ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರೆ ಆಗಲೇ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಆದರೆ ಅನೇಕರಿಗೆ ಇದು ಗೊತ್ತೇ ಇಲ್ಲ. ಆನ್‌ಲೈನ್ ವಂಚಕರು ಯಾರದೋ ಖಾತೆಯಿಂದ ಕದ್ದ ದುಡ್ಡನ್ನು ಬೇಗ ಬೇರೆ ರೂಪಕ್ಕೆ ತರಬೇಕು. ಅದಕ್ಕೆ ಚಿನ್ನದ ನಾಣ್ಯದಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಅವರು ನಿಮ್ಮ ಅಂಗಡಿಗೆ ಬರುತ್ತಾರೆ, ದುಡ್ಡು ನಿಜವಾಗಿಯೂ ಜಮೆಯಾಗುತ್ತದೆ, ನಾಣ್ಯ ತಗೊಂಡು ಹೋಗುತ್ತಾರೆ. ಆಮೇಲೆ ದುಡ್ಡು ಕಳೆದುಕೊಂಡವರು 1930 ಸಹಾಯವಾಣಿಗೆ ದೂರು ಕೊಡುತ್ತಾರೆ. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಅದು ನಿಂತಿರುವುದು ನಿಮ್ಮ ಖಾತೆಯಲ್ಲಿ. ಖಾತೆ ಫ್ರೀಜ್ ಆಗುತ್ತದೆ. ಹಬ್ಬದ ನಡುವೆ ಹೀಗಾದರೆ ವ್ಯಾಪಾರಿಗೆ ಎಷ್ಟು ಕಷ್ಟ ಅಂತ ಯೋಚಿಸಿ. ತಪ್ಪಿಸಿಕೊಳ್ಳಲು ಒಂದೇ ದಾರಿ, ದುಡ್ಡು ಕಳಿಸಿದ ಖಾತೆಯ ಹೆಸರು ಮತ್ತು ಬಿಲ್ಲಿನ ಹೆಸರು ಒಂದೇ ಇದೆಯಾ ಅಂತ ನೋಡುವುದು. "ಫ್ರೆಂಡ್ ಕಳಿಸ್ತಾನೆ" ಅಂದರೆ ಆ ಫ್ರೆಂಡ್‌ನ ಹೆಸರಿಗೇ, ಅವನ ಗುರುತಿನ ಚೀಟಿ ಇಟ್ಟುಕೊಂಡೇ ಬಿಲ್ ಮಾಡಿ. ಎರಡು ಲಕ್ಷ ರೂಪಾಯಿ ಮೀರಿದ ಖರೀದಿಗೆ ಪ್ಯಾನ್ ಕಡ್ಡಾಯ. ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವಂತಿಲ್ಲ. ಈ ನಿಯಮಗಳು ಗಿರಾಕಿಗೆ ಕಿರಿಕಿರಿ ಅನ್ನಿಸಬಹುದು, ಆದರೆ ಇಂಥ ಹೊತ್ತಲ್ಲಿ ನಿಮ್ಮನ್ನು ಕಾಯುವುದು ಇವೇ.

ಫೋನ್‌ನಲ್ಲಿ ಆರ್ಡರ್ ಕೊಟ್ಟು "ಆಸ್ಪತ್ರೆಗೆ ಕಳಿಸಿ, ಹೋಟೆಲ್ ಲಾಬಿಗೆ ತಂದುಕೊಡಿ, ಡಾಕ್ಟರ್ ಒಳಗಿದ್ದಾರೆ, ತೋರಿಸಿ ಬರ್ತೀನಿ" ಅನ್ನುವವರಿಗೆ ಮಾಲು ಕಳಿಸಲೇಬೇಡಿ. ಆ ಕಟ್ಟಡಕ್ಕೆ ಇನ್ನೊಂದು ಬಾಗಿಲಿರುತ್ತದೆ.

ಅಧಿಕಾರಿ ಅಂತ ಬಂದವರು

1987ರ ಮಾರ್ಚ್ 19ರಂದು ಮುಂಬೈಯ ಒಪೆರಾ ಹೌಸ್ ಹತ್ತಿರದ ಒಂದು ದೊಡ್ಡ ಆಭರಣದಂಗಡಿಗೆ ಸಿಬಿಐ ತಂಡ ಬಂತು. ತಂಡದ ಮುಖ್ಯಸ್ಥನನ್ನು ಬಿಟ್ಟರೆ ಉಳಿದವರಿಗೆಲ್ಲ ತಾವು ನಿಜವಾದ ದಾಳಿಗೆ ಬಂದಿದ್ದೇವೆ ಅಂತಲೇ ನಂಬಿಕೆ. ಅವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಅವರನ್ನು ಕೆಲಸಕ್ಕೆ ಆರಿಸಿದ್ದ. ಮಾದರಿ ಅಂತ ಒಡವೆಗಳನ್ನು ಸಂಗ್ರಹಿಸಿ, ಹುಡುಗರನ್ನು ಅಲ್ಲೇ ಕಾವಲಿಗೆ ನಿಲ್ಲಿಸಿ ಹೋದವನು ಮತ್ತೆ ಸಿಗಲೇ ಇಲ್ಲ. ಆ ಅಂಗಡಿಯವರು ಪೆದ್ದರಾಗಿರಲಿಲ್ಲ. ಸರ್ಕಾರಿ ಹುದ್ದೆಯ ಹೆಸರು ಕೇಳಿದ ಕೂಡಲೇ ನಾವೆಲ್ಲ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತೇವೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು, ಅಷ್ಟೇ.

ಈಗಲೂ ಇದೇ ದಾರಿಯಲ್ಲಿ ಮೋಸ ನಡೆಯುತ್ತದೆ. ಅದಕ್ಕೆ ನಿಜವಾದ ಶೋಧ ಹೇಗಿರುತ್ತದೆ ಅಂತ ಪ್ರತಿಯೊಬ್ಬ ಶೇಟ್ರಿಗೂ ಗೊತ್ತಿರಬೇಕು. ಅಧಿಕಾರಿ ಗುರುತಿನ ಚೀಟಿ ಮತ್ತು ಲಿಖಿತ ಅಧಿಕಾರ ಪತ್ರ ತೋರಿಸುತ್ತಾರೆ. ಸ್ಥಳೀಯರಾದ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಇರುತ್ತಾರೆ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಆಗಿ ಒಂದು ಪ್ರತಿ ನಿಮಗೆ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಪೊಲೀಸ್ ಶೋಧವನ್ನು ವಿಡಿಯೋ ಮಾಡಬೇಕು. ಹಾಗಾಗಿ "ಕ್ಯಾಮೆರಾ ಆಫ್ ಮಾಡಿ" ಅಂದವರ ಬಗ್ಗೆ ಅನುಮಾನ ಪಡಲೇಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಆದಾಯ ತೆರಿಗೆ ಶೋಧದಲ್ಲಿ ವ್ಯಾಪಾರದ ಸ್ಟಾಕ್ ಆಗಿರುವ ಚಿನ್ನವನ್ನು ವಶಪಡಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವೇ ಇಲ್ಲ. ಅಧಿಕಾರಿಗಳು ಅದರ ಪಟ್ಟಿ ಮಾಡಿಕೊಳ್ಳಬಹುದು, ಅಷ್ಟೇ. "ಇನ್‌ಕಮ್ ಟ್ಯಾಕ್ಸ್‌ನವರು, ಟ್ರೇಯಲ್ಲಿರುವುದನ್ನೆಲ್ಲ ಈ ಬ್ಯಾಗಿಗೆ ತುಂಬಿ" ಅಂದವರು ಇಲಾಖೆಯವರಲ್ಲ. ಬಂದವರನ್ನು ಗೌರವದಿಂದ ಕೂರಿಸಿ, ನೀರು ಕೊಡಿ. ಅವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಹತ್ತಿರ ಮೊದಲೇ ಇರುವ ಪೊಲೀಸ್ ಠಾಣೆಯ ನಂಬರಿಗೋ 112ಕ್ಕೋ ಫೋನ್ ಮಾಡಿ. ಅಸಲಿ ಅಧಿಕಾರಿಗೆ ಇದರಿಂದ ಏನೂ ತೊಂದರೆಯಿಲ್ಲ.

ಹಳೇ ಚಿನ್ನ

ಹಬ್ಬದಲ್ಲಿ ಹಳೆಯದು ಕೊಟ್ಟು ಹೊಸದು ತಗೊಳ್ಳುವವರು ಜಾಸ್ತಿ. ಇಲ್ಲಿ ಎರಡು ಅಪಾಯಗಳಿವೆ. ತಂದದ್ದು ಚಿನ್ನವೇ ಅಲ್ಲದಿರಬಹುದು. ಅಥವಾ ಚಿನ್ನವೇ ಆಗಿದ್ದು, ತಂದವರದ್ದಲ್ಲದಿರಬಹುದು.

ಟಂಚ್, ಅಂದರೆ ಚಿನ್ನದ ಶುದ್ಧತೆ, ನೋಡುವ ಎಕ್ಸ್‌ಆರ್‌ಎಫ್ (ಎಕ್ಸ್-ರೇ) ಮಷೀನ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಅದರ ಕಿರಣ ಒಳಗೆ ಹೋಗುವುದು ಮೇಲಿನ ಕೆಲವು ಮೈಕ್ರಾನ್ ಮಾತ್ರ. ದಪ್ಪಗೆ ಚಿನ್ನದ ಲೇಪ ಕೊಟ್ಟ ಬಳೆಯನ್ನು ಅದು 22 ಕ್ಯಾರೆಟ್ ಅಂತಲೇ ತೋರಿಸಬಹುದು. ಒಳಗೆ ತಾಮ್ರವೋ ಬೆಳ್ಳಿಯೋ ಇದ್ದರೆ ನೀರಿನಲ್ಲಿ ತೂಗಿ ಸಾಂದ್ರತೆ ನೋಡಿದಾಗ ಸಿಕ್ಕಿಬೀಳುತ್ತದೆ. ಟಂಗ್‌ಸ್ಟನ್ ತುಂಬಿದ ಬಿಸ್ಕತ್ತು ಹಾಗೆ ಸಿಗುವುದಿಲ್ಲ. ಶುದ್ಧ ಚಿನ್ನದ ಸಾಂದ್ರತೆ 19.3, ಟಂಗ್‌ಸ್ಟನ್‌ದು 19.25. ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಹಾಗಾಗಿ ತೂಕ ಜಾಸ್ತಿ ಇರುವ ಯಾವುದನ್ನೇ ಆಗಲಿ, ಗಿರಾಕಿಯ ಒಪ್ಪಿಗೆ ಪಡೆದು, ಅವರೆದುರೇ ಕತ್ತರಿಸಿ ನೋಡಬೇಕು ಅಥವಾ ಕರಗಿಸಬೇಕು. ರಶ್ ಇದೆ ಅಂತ "ಮಷೀನ್ ತೋರಿಸಿತಲ್ಲ, ಸಾಕು" ಅಂದುಕೊಳ್ಳುವ ದಿನವೇ ಇಂಥವರು ಬರುತ್ತಾರೆ. ಹಾಗೆ ಮಾಡುವಷ್ಟು ಬಿಡುವಿಲ್ಲದಿದ್ದರೆ ಧನತೇರಸ್ ದಿನ ಹಳೇ ಚಿನ್ನ ತಗೊಳ್ಳುವುದಿಲ್ಲ ಅಂತ ಬೋರ್ಡ್ ಹಾಕಿ. ಒಂದು ದಿನದ ಎಕ್ಸ್‌ಚೇಂಜ್ ವ್ಯಾಪಾರ ಬಿಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಒಡವೆಗಳನ್ನು ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ (ಪ್ರತಿ ಒಡವೆಯ ಗುರುತಿನ ಕೋಡ್) ಇಲ್ಲದೆ ಅಂಗಡಿಗಳು ಮಾರುವಂತಿಲ್ಲ. ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಕೋಡ್ ಹಾಕಿದರೆ ಅದು ಯಾವ ವಸ್ತು, ಎಷ್ಟು ಶುದ್ಧ, ಎಲ್ಲಿ ಹಾಲ್‌ಮಾರ್ಕ್ ಆಯಿತು ಅಂತ ಬರುತ್ತದೆ. 'ವಸ್ತು ಯಾವುದು' ಅನ್ನುವ ಸಾಲನ್ನು ತಪ್ಪದೆ ಓದಿ. ಯಾವುದೋ ಅಸಲಿ ಉಂಗುರದ ಕೋಡನ್ನು ನಕಲಿ ಸರದ ಮೇಲೆ ಕೊರೆಸಿದ್ದರೆ ಸಿಕ್ಕಿಬೀಳುವುದು ಅಲ್ಲೇ.

ಇನ್ನು ಕದ್ದ ಮಾಲಿನ ವಿಷಯ. ಬೇರೆ ಊರಿನ ಪೊಲೀಸರು ಆರೋಪಿಯನ್ನು ಕರೆದುಕೊಂಡು ಬಂದು "ಇವನು ನಿಮಗೇ ಮಾರಿದ್ದು" ಅಂದಾಗ ಸಣ್ಣ ಅಂಗಡಿಯವರ ಕೈಕಾಲು ನಡುಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಕೊಂಡರೆ ಅಪರಾಧ. ಮಾರಿದವರ ಗುರುತಿನ ಚೀಟಿಯ ಪ್ರತಿ, ಒಡವೆಯ ಫೋಟೋ, ಸಹಿ, ಬ್ಯಾಂಕ್ ಮೂಲಕವೇ ಹಣ ಕೊಟ್ಟ ದಾಖಲೆ ಇವೆಲ್ಲ ಇದ್ದರೆ ನೀವು ಒಳ್ಳೆಯ ಮನಸ್ಸಿನಿಂದ ಕೊಂಡಿರಿ ಅಂತ ತೋರಿಸಲು ಆಧಾರ ಇರುತ್ತದೆ. ಕೊಂಡದ್ದನ್ನು ಅವತ್ತೇ ಕರಗಿಸಲು ಕಳಿಸದೆ ಕೆಲವು ದಿನ ಹಾಗೇ ಇಡುವುದೂ ಒಳ್ಳೆಯದು.

ಬಾಗಿಲು ಹಾಕಿದ ಮೇಲೆ

ಲಕ್ಷ್ಮೀ ಪೂಜೆ ಮುಗಿದ ಮೇಲಿನ ದಿನಗಳು ರಶ್‌ಗಿಂತ ಅಪಾಯದವು. ಗುಜರಾತಿ ವ್ಯಾಪಾರಿಗಳಲ್ಲಿ ಅನೇಕರು ಮತ್ತೆ ಅಂಗಡಿ ತೆಗೆಯುವುದು ಕೆಲವು ದಿನ ಬಿಟ್ಟು, ಲಾಭ ಪಂಚಮಿಗೆ. ಒಡವೆ ಮಾಡುವ ಕಾರಿಗರರು ಊರಿಗೆ ಹೋಗಿರುತ್ತಾರೆ. ನಮ್ಮವರು ಮತ್ಸ್ಯಗಂಧ ರೈಲು ಹತ್ತಿ ಹೊರಟಿರುತ್ತಾರೆ. ಅಕ್ಕಪಕ್ಕದ ಅಂಗಡಿಗಳೂ ಮುಚ್ಚಿರುತ್ತವೆ. ಪಟಾಕಿ ಸದ್ದಿನಲ್ಲಿ ಡ್ರಿಲ್ ಸದ್ದು ಕೇಳುವುದಿಲ್ಲ.

ನಾವೆಲ್ಲ ಶಟರ್‌ಗೆ ಬೀಗದ ಮೇಲೆ ಬೀಗ ಹಾಕುತ್ತೇವೆ. ಆದರೆ ಅನುಭವಿ ಕಳ್ಳರು ಶಟರ್ ಮುಟ್ಟುವುದೇ ಇಲ್ಲ. 2017ರ ನವೆಂಬರ್‌ನಲ್ಲಿ ನವಿ ಮುಂಬೈಯ ಜುಯಿನಗರದಲ್ಲಿ ಒಂದು ಬ್ಯಾಂಕ್ ಶಾಖೆಯ ಲಾಕರ್‌ಗಳನ್ನು ಒಡೆದರಲ್ಲ, ಅವರು ಹತ್ತಿರದಲ್ಲೇ ಕಿರಾಣಿ ಅಂಗಡಿಯ ಹೆಸರಲ್ಲಿ ಗಾಳಾ (ಮಳಿಗೆ) ಬಾಡಿಗೆಗೆ ಹಿಡಿದಿದ್ದರು. ಅಲ್ಲಿಂದ ನೆಲದಡಿ ಸುರಂಗ ಕೊರೆದು ಒಳಗೆ ಬಂದರು. ಹೋದದ್ದರಲ್ಲಿ ಸಾಮಾನ್ಯ ಕುಟುಂಬಗಳ ಒಡವೆಗಳಿದ್ದವು. ಅದಕ್ಕೇ ಹೇಳುವುದು, ಪಕ್ಕದ ಗಾಳಾಕ್ಕೆ ಹೊಸಬರು ಬಂದರೆ ಹೋಗಿ ಮಾತಾಡಿಸಿ. ಅಂಗಡಿ ತೆರೆದಿದೆ ಆದರೆ ವ್ಯಾಪಾರ ಇಲ್ಲ, ರಾತ್ರಿ ಮಣ್ಣಿನ ಚೀಲ ಹೊರಗೆ ಹೋಗುತ್ತದೆ ಅನ್ನುವಂಥದ್ದು ಕಂಡರೆ ಪೊಲೀಸ್ ಠಾಣೆಗೆ ಹೇಳಿ. ಮುಂಬೈಯ ಹಳೇ ಕಟ್ಟಡಗಳಲ್ಲಿ ಎರಡು ಅಂಗಡಿಗಳ ನಡುವೆ ಒಂದೇ ಇಟ್ಟಿಗೆಯ ಗೋಡೆ ಇರುವುದುಂಟು. ಅಟ್ಟ, ಫಾಲ್ಸ್ ಸೀಲಿಂಗ್, ಶೌಚಾಲಯದ ಕಿಟಕಿ ಇವನ್ನೂ ಒಮ್ಮೆ ಕಳ್ಳನ ಕಣ್ಣಿನಿಂದ ನೋಡಿ.

ಗೋಡೆಗೂ ತಿಜೋರಿಗೂ ಕಂಪನ ಹಿಡಿಯುವ ಸೆನ್ಸರ್ ಹಾಕಿಸಿ. ಅಲಾರಂ ಬರೀ ಬೊಬ್ಬೆ ಹೊಡೆದರೆ ಸಾಲದು, ಸಿಮ್ ಮೂಲಕ ಮೂರ್ನಾಲ್ಕು ಜನರಿಗೆ ಫೋನ್ ಹೋಗಬೇಕು. ಅವರಲ್ಲಿ ಒಬ್ಬರಾದರೂ ಆ ವಾರ ಮುಂಬೈಯಲ್ಲೇ ಇರಬೇಕು. ಕಳ್ಳರು ಹೋಗುವಾಗ ಡಿವಿಆರ್ (ಕ್ಯಾಮೆರಾ ರೆಕಾರ್ಡಿಂಗ್ ಇರುವ ಪೆಟ್ಟಿಗೆ) ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೆ ರೆಕಾರ್ಡಿಂಗ್‌ನ ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿ ಇರಲಿ. ಒಂದು ಕ್ಯಾಮೆರಾ ಬಾಗಿಲಲ್ಲಿ, ಮುಖದ ಎತ್ತರಕ್ಕೆ ಬೇಕೇ ಬೇಕು. ಸೂರಿನಿಂದ ನೋಡುವ ಕ್ಯಾಮೆರಾದಲ್ಲಿ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಆಯುಧ ಕಂಡರೆ

ಎದುರು ನಿಲ್ಲಬೇಡಿ. ಕೇಳಿದ್ದು ಕೊಟ್ಟುಬಿಡಿ. ಕೆಲಸದವರಿಗೂ ಇದನ್ನು ಶೇಟ್ರೇ ಬಾಯಿಬಿಟ್ಟು ಹೇಳಿರಬೇಕು: "ಮಾಲು ಹೋದ್ರೆ ಹೋಗ್ಲಿ, ನೀನು ಕೈ ಅಡ್ಡ ಹಾಕ್ಬೇಡ." ಹಾಗೆ ಹೇಳದಿದ್ದರೆ ನಿಷ್ಠೆ ತೋರಿಸಲು ಹೋಗಿ ಹುಡುಗ ಪ್ರಾಣ ಕಳೆದುಕೊಳ್ಳಬಹುದು. ಪ್ಯಾನಿಕ್ ಬಟನ್ ಕಾಲಿಗೆ ಸಿಗುವ ಹಾಗಿರಲಿ, ಆದರೆ ಅದನ್ನೂ ಒತ್ತುವುದು ಅಪಾಯವಿಲ್ಲ ಅನ್ನಿಸಿದಾಗ ಮಾತ್ರ. ಅವರು ಹೋದ ಮೇಲೆ ಬಾಗಿಲು ಹಾಕಿ, 112ಕ್ಕೆ ಫೋನ್ ಮಾಡಿ, ಅವರು ಮುಟ್ಟಿದ ಗಾಜನ್ನು ಒರೆಸದೆ ಬಿಡಿ. ಎಲ್ಲರೂ ಸೇರಿ ಮಾತಾಡುವ ಮೊದಲು ಒಬ್ಬೊಬ್ಬರೂ ತಾವು ಕಂಡದ್ದನ್ನು ಬೇರೆಬೇರೆ ಕಾಗದದಲ್ಲಿ ಬರೆಯಲಿ.

ದರೋಡೆಕೋರರಿಗೆ ಇಷ್ಟವಾದ ಹೊತ್ತು ಅಂಗಡಿ ತೆಗೆಯುವಾಗ ಮತ್ತು ಮುಚ್ಚುವಾಗ. ಆಗ ಒಬ್ಬರು ರಸ್ತೆಯಾಚೆ ನಿಂತು ನೋಡುತ್ತಿರಬೇಕು. ಒಬ್ಬರೇ ತೆಗೆಯುವ ಅಭ್ಯಾಸ ಬಿಡಿ. ಮಾಲನ್ನು ಚೀಲದಲ್ಲಿ ಹಾಕಿ ಸ್ಕೂಟರ್ ಮೇಲೆ ಮನೆಗೆ ಒಯ್ಯುವ ಅಭ್ಯಾಸವನ್ನಂತೂ ಪೂರ್ತಿ ಬಿಟ್ಟುಬಿಡಿ. "ನಿಮ್ಮ ದುಡ್ಡು ಬಿದ್ದಿದೆ", "ಟೈರ್ ಪಂಕ್ಚರ್ ಆಗಿದೆ" ಅಂತ ಹೇಳಿ ಚೀಲ ಎತ್ತುವವರು ನಿಮ್ಮ ದಾರಿಯನ್ನು ಹಲವು ದಿನ ರೆಕ್ಕಿ ಮಾಡಿರುತ್ತಾರೆ.

ಕಳ್ಳರಿಗೆ ಸುಳಿವು ಕೊಡುವವರು ಒಳಗಿನವರೇ ಇರಬಹುದು ಅಂತ ಪೊಲೀಸರು ಹೇಳುತ್ತಾರೆ. ಅದಕ್ಕೆ ಹಬ್ಬಕ್ಕೆಂದು ಸೇರಿಸಿಕೊಂಡ ಹೊಸಬರ ಪೊಲೀಸ್ ವೆರಿಫಿಕೇಶನ್ ಮಾಡಿಸಿ, ತಿಜೋರಿಯ ಬೀಗದ ಕೈ ಅವರಿಗೆ ಕೊಡಬೇಡಿ. ಆದರೆ ವರ್ಷಗಟ್ಟಲೆ ದುಡಿದವರನ್ನು ಕಳ್ಳರ ಹಾಗೆ ನೋಡಬೇಡಿ. ದಿನಾ ಎಣಿಕೆ, ಸಹಿ, ಕ್ಯಾಮೆರಾ ಇದ್ದರೆ ಪ್ರಾಮಾಣಿಕ ಕೆಲಸದವನಿಗೇ ಅನುಕೂಲ. ಏನೋ ಕಾಣೆಯಾದಾಗ ಅವನ ಮೇಲೆ ಸುಮ್ನೆ ಅನುಮಾನ ಬರುವುದಿಲ್ಲ. ಹನ್ನೆರಡು ಗಂಟೆ ನಿಂತೇ ಇರುವವನ ಕಣ್ಣು ಸಂಜೆ ಹೊತ್ತಿಗೆ ಮಂಜಾಗುತ್ತದೆ. ಅವನಿಗೆ ಊಟ, ವಿಶ್ರಾಂತಿ ಕೊಡುವುದೂ ಭದ್ರತೆಯ ಭಾಗವೇ.

ವಿಮೆಯ ಕಾಗದ

ಆಭರಣದಂಗಡಿಗಳಿಗೆಂದೇ 'ಜ್ಯುವೆಲರ್ಸ್ ಬ್ಲಾಕ್' ಅನ್ನುವ ವಿಮೆ ಇದೆ. ಅಂಗಡಿಯಲ್ಲಿರುವ ಮಾಲು, ಮಾಲೀಕ ಅಥವಾ ಕೆಲಸದವರ ಕೈಯಲ್ಲಿರುವ ಮಾಲು, ಸಾಗಣೆಯಲ್ಲಿರುವ ಮಾಲು, ಪೀಠೋಪಕರಣ ಹೀಗೆ ಬೇರೆಬೇರೆ ವಿಭಾಗಗಳಿರುತ್ತವೆ. ವಿಮೆ ಇದೆ ಅಂತ ಧೈರ್ಯವಾಗಿರುವವರು ಅದರಲ್ಲಿ ಏನಿಲ್ಲ ಅನ್ನುವುದನ್ನು ಓದಿರುವುದಿಲ್ಲ. ರಾತ್ರಿ ತಿಜೋರಿಯ ಹೊರಗೆ, ಶೋಕೇಸ್‌ನಲ್ಲೇ ಉಳಿದ ಮಾಲಿಗೆ ಸಾಮಾನ್ಯವಾಗಿ ಪರಿಹಾರ ಇಲ್ಲ. ಧನತೇರಸ್ ರಾತ್ರಿ ಸುಸ್ತಾಗಿ "ನಾಳೆ ಇಡೋಣ" ಅಂದ ಟ್ರೇಗಳೆಲ್ಲ ಇದರಲ್ಲಿ ಬರುತ್ತವೆ. ಕೆಲಸದವರೇ ಕದ್ದರೆ ಇಲ್ಲ, ಅದಕ್ಕೆ ಫಿಡೆಲಿಟಿ ಗ್ಯಾರಂಟಿ ಅನ್ನುವ ಬೇರೆ ವಿಮೆ ಬೇಕು. ನಂಬಿಕೆಯ ಮೇಲೆ ಗಿರಾಕಿಗೋ ದಲ್ಲಾಳಿಗೋ ಕೊಟ್ಟದ್ದನ್ನು ಅವರು ನುಂಗಿದರೂ ಇಲ್ಲ. ಸ್ಟಾಕ್ ಎಣಿಸುವಾಗ ಸುಮ್ನೆ ಕಡಿಮೆ ಬಂತು ಅಂದರೂ ಸಾಮಾನ್ಯವಾಗಿ ಇಲ್ಲ.

ಇನ್ನೊಂದು ಲೆಕ್ಕ ನೋಡಿ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ದಾಟಿತು. ಪಾಲಿಸಿಯಲ್ಲಿ ಬರೆದ ಮೊತ್ತ ಮಾತ್ರ ಹಳೇ ದರದ್ದೇ ಇದೆ ಅಂದುಕೊಳ್ಳಿ. ಅಂಗಡಿಯಲ್ಲಿರುವುದು ಒಂದು ಕೋಟಿ ರೂಪಾಯಿ ಮಾಲು, ವಿಮೆ 60 ಲಕ್ಷಕ್ಕೆ, ಕಳವಾದದ್ದು 10 ಲಕ್ಷದ್ದು. 60 ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಸಿಗುತ್ತದೆ ಅಂತ ಅನ್ನಿಸುತ್ತದೆ. ಸಿಗುವುದಿಲ್ಲ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಅಂತ ಅದೇ ಪ್ರಮಾಣದಲ್ಲಿ ಕತ್ತರಿಸಿ ಕೊಡುವುದು 6 ಲಕ್ಷ. ಹಬ್ಬಕ್ಕೆಂದು ಹೆಚ್ಚು ಸ್ಟಾಕ್ ತರಿಸಿದಾಗ ಈ ಅಂತರ ಇನ್ನೂ ದೊಡ್ಡದಾಗುತ್ತದೆ.

ಕಳವಾದರೆ ಎಫ್‌ಐಆರ್ ಪ್ರತಿಯ ಜೊತೆ ವಿಮಾ ಸರ್ವೇಯರ್ ಮೊದಲು ಕೇಳುವುದು ಸ್ಟಾಕ್ ರಿಜಿಸ್ಟರ್. ಅದು ಅಂಗಡಿಯ ಕಂಪ್ಯೂಟರ್‌ನಲ್ಲಿ ಮಾತ್ರ ಇದ್ದು, ಕಂಪ್ಯೂಟರೂ ಹೋಗಿದ್ದರೆ ತೋರಿಸಲು ಏನೂ ಇರುವುದಿಲ್ಲ. ದಿನಾ ರಾತ್ರಿ ಅದರ ಪ್ರತಿ ಹೊರಗೆ ಎಲ್ಲಾದರೂ ಉಳಿಯಲಿ. ಸಿಸಿಟಿವಿ ದೃಶ್ಯ ಕೆಲವು ವಾರಗಳಲ್ಲಿ ಅಳಿಸಿ ಹೋಗುತ್ತದೆ, ಬೇಗ ಕಾಪಿ ಮಾಡಿಸಿ. ಕೋರ್ಟಿನಲ್ಲಿ ಅದು ಸಾಕ್ಷ್ಯವಾಗಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವೂ ಜೊತೆಗೆ ಬೇಕು. ಪಾಲಿಸಿಯ ಮೊತ್ತ ಹೆಚ್ಚಿಸಲು ಧನತೇರಸ್ ವಾರದವರೆಗೆ ಕಾಯಬೇಡಿ. ದಸರೆಗೆ ಮುಂಚೆಯೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಬದಲಾದ ಮೊತ್ತದ ಎಂಡಾರ್ಸ್‌ಮೆಂಟ್ ಪತ್ರ ಕೈಗೆ ಬಂದ ಮೇಲೇ ಹಬ್ಬದ ಹೆಚ್ಚುವರಿ ಮಾಲು ತರಿಸಿಕೊಳ್ಳಿ.